ಲೈಪ್‌ಜಿಗ್‌ನ ಸಂತ ತೋಮ ಗಾಯನಮಂಡಳಿಯ ನಾಯಕರು: ಅವರ ಸಂಗೀತಶಿಕ್ಷಣದ ಹಿನ್ನೆಲೆ ಮತ್ತು ಸಭೆಯ ಆರಾಧನೆ

ಒಡಂಬಡಿಕೆಯ ಮಂಜೂಷವು ಯೆರೂಸಲೇಮಿಗೆ ಬಂದ ಸಂದರ್ಭವನ್ನು ವಿವರಿಸುವಾಗ ಪೂರ್ವಕಾಲವೃತ್ತಾಂತದ ಮೊದಲನೆಯ ಗ್ರಂಥವು ಲೇವಿಯರ ಮುಖ್ಯಸ್ಥನಾದ ಕೆನನ್ಯನನ್ನು ಹೆಸರಿಸಿ, ಅವನು ಗಾಯನವನ್ನು ನಡಿಸಿದ್ದು ಅದರಲ್ಲಿ ಪ್ರವೀಣನಾಗಿದ್ದ ಕಾರಣದಿಂದ ಎಂದು ತಿಳಿಸುತ್ತದೆ (15:22). ಅದೇ ಗ್ರಂಥದ 25ನೆಯ ಅಧ್ಯಾಯದಲ್ಲಿ ಆಸಾಫ, ಹೇಮಾನ, ಯೆದುತೂನರ ಕೈಕೆಳಗೆ ತರಬೇತಿ ಹೊಂದಿದ ಗಾಯಕರ ಸಂಖ್ಯೆ 288 ಎಂದು ಹೇಳಲಾಗಿದೆ. ಅವರು ಲೇವಿಯರಾಗಿದ್ದುದು ಅವಶ್ಯವಾಗಿತ್ತು. ಆದರೆ ಅಷ್ಟೇ ಸಾಕಾಗಿರಲಿಲ್ಲ, ಕಲಿಕೆಯೂ ಬೇಕಾಗಿತ್ತು. ಸಭೆಯ ಗಾಯನವನ್ನು ನಡಿಸುವವನು ಎಂಥವನಾಗಿರಬೇಕು, ಅವನು ಎಲ್ಲಿ ಏನನ್ನು ಕಲಿತು ಬಂದಿರಬೇಕು ಎಂಬ ಪ್ರಶ್ನೆ ಹೀಗೆ ವೇದದಷ್ಟೇ ಹಳೆಯದು. ಇದನ್ನು ನಾವು ಇಲ್ಲಿ ಒಂದೇ ಗಾಯನಮಂಡಳಿಯ ಚರಿತ್ರೆಯ ಮೂಲಕ ವಿಚಾರಿಸಲಿದ್ದೇವೆ. ಅದು ಜರ್ಮನಿಯ ಲೈಪ್‌ಜಿಗ್ ನಗರದ ಸಂತ ತೋಮ ದೇವಾಲಯದ ಬಾಲಕರ ಗಾಯನಮಂಡಳಿ.

ಈ ಮಂಡಳಿಯನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. 1212ರಲ್ಲಿ ಅಗಸ್ತೀನ ಸಂಪ್ರದಾಯದ ಮಠದೊಡನೆ ಹುಟ್ಟಿದ ಇದು ಇಂದಿಗೂ ಹಾಡುತ್ತಿದೆ. ಮತಸುಧಾರಣೆಯ ಕಾಲದಿಂದ ಇಂದಿನವರೆಗೆ ಇದರ ನಾಯಕರ ಸಾಲು ಬಹುಮಟ್ಟಿಗೆ ಅಖಂಡವಾಗಿ ತಿಳಿದುಬಂದಿದೆ. ಈ ನಾಯಕನಿಗೆ 'ಕ್ಯಾಂಟರ್' ಎಂದು ಹೆಸರು. ಅವನು ಗಾಯಕನಷ್ಟೇ ಅಲ್ಲ, ದೇವಾಲಯಕ್ಕೆ ಸೇರಿದ ಶಾಲೆಯ ಉಪಾಧ್ಯಾಯನೂ ಆಗಿದ್ದನು. ಹುಡುಗರಿಗೆ ಲ್ಯಾಟಿನ್ ಭಾಷೆಯನ್ನೂ ಪ್ರಶ್ನೋತ್ತರಮಾಲೆಯನ್ನೂ ಕಲಿಸುವುದು ಅವನ ಕರ್ತವ್ಯದಲ್ಲಿ ಸೇರಿತ್ತು. ಆದಕಾರಣ ಪ್ರತಿಯೊಂದು ನೇಮಕದಲ್ಲಿಯೂ ಅಭ್ಯರ್ಥಿಯ ಹಿನ್ನೆಲೆ ಚರ್ಚೆಗೆ ಬರುತ್ತಿತ್ತು.

ಮುದ್ರಕನಾದ ಕ್ಯಾಂಟರ್

1518ರಿಂದ 1520ರವರೆಗೆ ಗೆಯಾರ್ಗ್ ರಾವ್ ಈ ಹುದ್ದೆಯಲ್ಲಿದ್ದನು. 1519ರ ಜೂನ್ ತಿಂಗಳಿನಲ್ಲಿ ಲೂಥರನಿಗೂ ಎಕ್ಕನಿಗೂ ಲೈಪ್‌ಜಿಗ್‌ನಲ್ಲಿ ನಡೆದ ಪ್ರಸಿದ್ಧ ವಾಗ್ವಾದದ ಆರಂಭದ ಆರಾಧನೆಯಲ್ಲಿ ರಾವ್ ರಚಿಸಿದ ಹನ್ನೆರಡು ಧ್ವನಿಗಳ ಪೂಜಾಸಂಗೀತವನ್ನು ಈ ಹುಡುಗರು ಹಾಡಿದರು. ಲೂಥರನ ಬೋಧನೆಯ ಕಡೆಗೆ ಒಲಿದ ರಾವ್ ಮರುವರ್ಷ ನಗರವನ್ನು ಬಿಟ್ಟು, ಕಡೆಗೆ ವಿಟೆನ್‌ಬರ್ಗ್‌ನಲ್ಲಿ ಮುದ್ರಣಾಲಯವನ್ನು ತೆರೆದನು. ಲೂಥರನ ದೊಡ್ಡ ಪ್ರಶ್ನೋತ್ತರಮಾಲೆಯನ್ನು 1529ರಲ್ಲಿ ಅಚ್ಚುಮಾಡಿದವನು ಅವನೇ. 1544ರಲ್ಲಿ ಶಾಲಾಮಕ್ಕಳಿಗಾಗಿ 123 ಜರ್ಮನ್ ಆತ್ಮಿಕ ಗೀತೆಗಳ ಸಂಗ್ರಹವನ್ನೂ ಹೊರತಂದನು. ಆ ಸಂಗ್ರಹವು ಅಷ್ಟೊಂದು ಉಪಯುಕ್ತವಾದುದಕ್ಕೆ ಕಾರಣ, ಅದನ್ನು ಸಿದ್ಧಪಡಿಸಿದವನು ಹುಡುಗರ ಮುಂದೆ ನಿಂತು ಹಾಡಿಸಿದವನಾಗಿದ್ದುದೇ ಎಂದು ನಾವು ಭಾವಿಸುತ್ತೇವೆ.

1539ರಲ್ಲಿ ಮತಸುಧಾರಣೆಯು ಲೈಪ್‌ಜಿಗ್‌ಗೆ ಬಂದಿತು. ಆ ವರ್ಷದ ಪಂಚಾಶತ್ತಮ ಹಬ್ಬದಲ್ಲಿ ಲೂಥರನು ಸಂತ ತೋಮ ದೇವಾಲಯದಲ್ಲಿ ಪ್ರಸಂಗ ಮಾಡಿದನು. ಕೆಲವೇ ವರ್ಷಗಳಲ್ಲಿ ಶಾಲೆಯು ನಗರಸಭೆಯ ಅಧೀನಕ್ಕೆ ಬಂದಿತು. ಅಂದಿನಿಂದ ಕ್ಯಾಂಟರನ್ನು ಆರಿಸುವವರು ಮಠದ ಯತಿಗಳಲ್ಲ, ನಗರದ ಗೃಹಸ್ಥರು.

ವಿದ್ವಾಂಸರಾದ ಕ್ಯಾಂಟರರು

1594ರಲ್ಲಿ ಬಂದ ಸೇಥಸ್ ಕಾಲ್ವೀಸಿಯಸ್ ಬಡ ರೈತಕುಟುಂಬದವನು. ಹುಡುಗನಾಗಿದ್ದಾಗ ಬೀದಿಗಳಲ್ಲಿ ಹಾಡಿ ವಿದ್ಯಾಭ್ಯಾಸದ ವೆಚ್ಚವನ್ನು ಗಳಿಸಿದವನು. ಇಟಲಿಯ ಸಂಗೀತಶಾಸ್ತ್ರವನ್ನು ಜರ್ಮನರಿಗೆ ಪರಿಚಯಿಸಿದ ಈತನು ಖಗೋಲಶಾಸ್ತ್ರದಲ್ಲಿಯೂ ಕಾಲಗಣನೆಯಲ್ಲಿಯೂ ಪಂಡಿತನಾಗಿ, ಕೆಪ್ಲರನೊಡನೆ ಪತ್ರವ್ಯವಹಾರ ನಡಿಸಿದ್ದನು. ಇಷ್ಟು ಪಾಂಡಿತ್ಯವಿದ್ದವನು 1597ರಲ್ಲಿ ಹೊರತಂದದ್ದು ಸಭಾಕೀರ್ತನೆಗಳ ಸರಳವಾದ ನಾಲ್ಕು ಧ್ವನಿಗಳ ಜೋಡಣೆ. ಅದರಲ್ಲಿ ರಾಗವು ಮೇಲಿನ ಧ್ವನಿಯಲ್ಲಿರುವುದರಿಂದ ಸಭೆಯವರು ಅದನ್ನು ಗುರುತಿಸಿ ತಾವೂ ಸೇರಿ ಹಾಡಬಹುದಾಗಿತ್ತು. ಬೀದಿಯಲ್ಲಿ ಜನರಿಗಾಗಿ ಹಾಡಿ ಬೆಳೆದವನು ಸಾಮಾನ್ಯರ ಕಿವಿಯನ್ನು ಮರೆಯಲಿಲ್ಲ.

ಅವನ ನಂತರ 1616ರಲ್ಲಿ ಬಂದ ಯೋಹಾನ್ ಹೆರ್ಮನ್ ಶೈನ್ ಡ್ರೆಸ್ಡೆನ್ ಅರಮನೆಯ ಬಾಲಗಾಯಕನಾಗಿದ್ದು, ಲೈಪ್‌ಜಿಗ್‌ನಲ್ಲಿ ಕಾನೂನು ಓದಿ, ವೈಮಾರ್ ಆಸ್ಥಾನದಲ್ಲಿ ಸಂಗೀತನಾಯಕನಾಗಿದ್ದವನು. ಅರಮನೆಯಲ್ಲಿ ಕೇಳಿದ ಇಟಲಿಯ ಹೊಸ ಶೈಲಿಯನ್ನು ಅವನು ಜರ್ಮನ್ ಕೀರ್ತನೆಗಳಿಗೆ ಹೊಂದಿಸಿದನು. ಜೊತೆಗೆ 1627ರಲ್ಲಿ ಸಭೆಗಾಗಿ ದೊಡ್ಡದೊಂದು ಕೀರ್ತನಾಪುಸ್ತಕವನ್ನೂ ಕೊಟ್ಟನು. 1701ರಲ್ಲಿ ನೇಮಕವಾದ ಯೋಹಾನ್ ಕುನಾವ್ ಅದೇ ದೇವಾಲಯದ ಆರ್ಗನ್ ವಾದಕ ಹಾಗೂ ವಕೀಲ. 1688ರಲ್ಲಿ ಅವನು ಮಂಡಿಸಿದ ಕಾನೂನು ಪ್ರಬಂಧದ ವಿಷಯವೇ ಚರ್ಚಿನ ಸಂಗೀತಗಾರರ ಹಕ್ಕುಗಳು. ಗ್ರೀಕ್, ಇಬ್ರಿಯ ಭಾಷೆಗಳನ್ನು ಬಲ್ಲ ಅವನು ಸತ್ಯವೇದದ ಕಥೆಗಳನ್ನು ಕೀಲಿಮಣೆವಾದ್ಯದ ಮೂಲಕ ನಿರೂಪಿಸುವ ಆರು ಕೃತಿಗಳನ್ನು 1700ರಲ್ಲಿ ಪ್ರಕಟಿಸಿದನು.

ಇವರೆಲ್ಲರೂ ವಿಶ್ವವಿದ್ಯಾನಿಲಯದ ಹೊಸ್ತಿಲನ್ನು ತುಳಿದವರು. ಲ್ಯಾಟಿನ್ ಬಲ್ಲ ವಿದ್ವಾಂಸನೇ ಕ್ಯಾಂಟರ್ ಆಗತಕ್ಕವನು ಎಂಬ ಭಾವನೆ ನಗರಸಭೆಯಲ್ಲಿ ಬೇರೂರಿದ್ದು ಹೀಗೆ. ಮುಂದಿನ ನೇಮಕದ ಕಷ್ಟಕ್ಕೂ ಇದೇ ಮೂಲವಾಯಿತು.

1723ರ ಆಯ್ಕೆ

1722ರಲ್ಲಿ ಕುನಾವ್ ತೀರಿಕೊಂಡಾಗ ನಗರಸಭೆಯವರು ಮೊದಲು ಬಯಸಿದ್ದು ಟೆಲೆಮಾನನನ್ನು. ಅವನು ಲೈಪ್‌ಜಿಗ್‌ನಲ್ಲಿಯೇ ಕಾನೂನು ವಿದ್ಯಾರ್ಥಿಯಾಗಿದ್ದು, ಅಲ್ಲಿ ವಿದ್ಯಾರ್ಥಿಗಳ ಸಂಗೀತಸಂಘವನ್ನು ಕಟ್ಟಿ, ಒಪೆರಾವನ್ನೂ ನಡಿಸಿದ್ದವನು. ಹ್ಯಾಂಬರ್ಗ್ ನಗರವು ಅವನನ್ನು ಬಿಡಲಿಲ್ಲ. ತರುವಾಯ ಡಾರ್ಮ್‌ಸ್ಟಾಟ್‌ನ ಗ್ರಾಪ್ನರನ ಹೆಸರು ಬಂದಿತು. ಅವನು ಇದೇ ಶಾಲೆಯಲ್ಲಿ ಕುನಾವ್‌ನ ಶಿಷ್ಯನಾಗಿದ್ದವನು. ಅವನ ಒಡೆಯನೂ ಅವನನ್ನು ಕಳುಹಿಸಲಿಲ್ಲ. ಆಮೇಲೆ ಮಾತ್ರ ಯೋಹಾನ್ ಸೆಬಾಸ್ಟಿಯನ್ ಬಾಖ್‌ನ ಸರದಿ ಬಂದಿತು. ಶ್ರೇಷ್ಠರು ದೊರೆಯದಿದ್ದಾಗ ಮಧ್ಯಮರಿಂದ ತೃಪ್ತರಾಗಬೇಕಾದೀತು ಎಂಬ ಅರ್ಥದ ಮಾತು ಆ ಸಭೆಯ ಚರ್ಚೆಯಲ್ಲಿ ಕೇಳಿಬಂದದ್ದು ದಾಖಲೆಯಲ್ಲಿ ಉಳಿದಿದೆ.

ಬಾಖ್‌ನ ಹಿನ್ನೆಲೆ ಏನು? ಹತ್ತನೆಯ ವಯಸ್ಸಿನಲ್ಲಿ ತಂದೆತಾಯಿಗಳಿಬ್ಬರನ್ನೂ ಕಳೆದುಕೊಂಡು, ಆರ್ಗನ್ ವಾದಕನಾಗಿದ್ದ ಅಣ್ಣನ ಮನೆಯಲ್ಲಿ ಬೆಳೆದನು. 1700ರಲ್ಲಿ ಲ್ಯೂನೆಬರ್ಗ್‌ನ ಶಾಲೆಗೆ ಬಾಲಗಾಯಕನಾಗಿ ಸೇರಿದನು. ಅನಂತರ ಆರ್ನ್‌ಸ್ಟಾಟ್, ಮ್ಯೂಲ್‌ಹೌಸನ್, ವೈಮಾರ್‌ಗಳಲ್ಲಿ ಆರ್ಗನ್ ನುಡಿಸಿ, 1717ರಿಂದ ಕ್ಯೋಥನ್‌ನ ರಾಜಕುಮಾರನ ಸಂಗೀತನಾಯಕನಾದನು. ವಿಶ್ವವಿದ್ಯಾನಿಲಯದ ಮೆಟ್ಟಿಲನ್ನು ಅವನು ಹತ್ತಲಿಲ್ಲ. ಲ್ಯಾಟಿನ್ ಪಾಠವನ್ನು ಮಾಡಲು ಅವನು ಸ್ವಂತ ಹಣ ಕೊಟ್ಟು ಬೇರೊಬ್ಬ ಉಪಾಧ್ಯಾಯನನ್ನು ಗೊತ್ತುಮಾಡಿಕೊಂಡನು.

ಇಲ್ಲಿ ನಾವು ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಚರ್ಚಿನ ಸಂಗೀತವು ಒಪೆರಾದಂತೆ ಆಗಬಾರದು, ಅದು ಭಕ್ತಿಯನ್ನು ಪ್ರೇರಿಸಬೇಕು ಎಂಬ ಷರತ್ತಿಗೆ ಬಾಖ್ ಸಹಿ ಹಾಕಬೇಕಾಯಿತು. ಎರಡನೆಯದು, ಅಧಿಕಾರಕ್ಕೆ ಬರುವ ಮುನ್ನ ಅವನನ್ನು ದೇವಜ್ಞಾನದಲ್ಲಿ ಪರೀಕ್ಷಿಸಲಾಯಿತು. ಲೂಥರನ್ ಸಭೆಯ ವಿಶ್ವಾಸಪ್ರಮಾಣಗಳಿಗೆ ಅವನು ಒಪ್ಪಿಗೆ ಕೊಟ್ಟನು. ಅವನ ಕೈಬೆರಳುಗಳ ಪರೀಕ್ಷೆಯಷ್ಟೇ ನಡೆಯಲಿಲ್ಲ, ಅವನ ನಂಬಿಕೆಯ ತಿಳಿವಳಿಕೆಯ ಪರೀಕ್ಷೆಯೂ ನಡೆಯಿತು. ಆ ಪರೀಕ್ಷೆಯನ್ನು ನಾವು ಕೇವಲ ವಿಧಿಯೆಂದು ತಳ್ಳಿಹಾಕಲಾರೆವು. ಆ ವರ್ಷದ ಮೇ 30ರಿಂದ ಅವನು ಭಾನುವಾರದ ಸುವಾರ್ತಾಪಾಠಕ್ಕೆ ಹೊಂದಿಸಿ ಒಂದಾದ ಮೇಲೊಂದು ಕ್ಯಾಂಟಾಟಾಗಳನ್ನು ನಡಿಸಿದನು. ಪಾಠವನ್ನು ಅರಿಯದವನಿಗೆ ಅದು ಅಸಾಧ್ಯವಾದ ಕೆಲಸ.

ಆದರೂ ಸೌಕರ್ಯಗಳಿಲ್ಲದೆ ನಾಯಕನ ಯೋಗ್ಯತೆಯೊಂದೇ ಸಾಲದು ಎಂಬುದಕ್ಕೂ ಬಾಖ್‌ನೇ ಸಾಕ್ಷಿ. 1730ರಲ್ಲಿ ಅವನು ನಗರಸಭೆಗೆ ಸಲ್ಲಿಸಿದ ಮನವಿಯಲ್ಲಿ ಶಾಲೆಯ 54 ಹುಡುಗರನ್ನು ವಿಂಗಡಿಸಿದ್ದಾನೆ: ಉಪಯೋಗಕ್ಕೆ ಬರುವವರು 17, ಇನ್ನೂ ಕಲಿಯಬೇಕಾದವರು 20, ಸಂಗೀತಕ್ಕೆ ಅಯೋಗ್ಯರು 17. ಇವರಿಂದಲೇ ನಗರದ ನಾಲ್ಕು ದೇವಾಲಯಗಳ ಗಾಯನ ನಡೆಯಬೇಕಾಗಿತ್ತು. ಹುಡುಗರನ್ನು ಸೇರಿಸಿಕೊಳ್ಳುವಾಗ ಸಂಗೀತದ ಅಭಿರುಚಿಯನ್ನು ನೋಡುತ್ತಿಲ್ಲ, ವಾದ್ಯಗಾರರಿಗೆ ತಕ್ಕ ವೇತನವಿಲ್ಲ ಎಂಬುದು ಅವನ ದುಃಖ. ಆ ಮನವಿಯನ್ನು ಓದುವಾಗ ನಮ್ಮ ಮುಂದೆ ನಿಲ್ಲುವುದು ಮಹಾಕಲಾವಿದನಲ್ಲ. ಮುಂದಿನ ಭಾನುವಾರದ ಚಿಂತೆಯಲ್ಲಿರುವ ಒಬ್ಬ ಸಭಾಸೇವಕ.

ರಂಗಭೂಮಿ, ವಾದ್ಯವೃಂದ, ಆರ್ಗನ್

ಬಾಖ್‌ನ ಬಳಿಕ ಕ್ಯಾಂಟರರ ಹಿನ್ನೆಲೆಗಳು ಕಾಲಕ್ಕೆ ತಕ್ಕಂತೆ ಬದಲಾದವು. ಅವನ ಶಿಷ್ಯನಾದ ಡೋಲೆಸ್ 1756ರಿಂದ 1789ರವರೆಗೆ ಸೇವೆಮಾಡಿದನು. ಅವನು ಸರಳವೂ ಭಾವಪ್ರಧಾನವೂ ಆದ ಶೈಲಿಯನ್ನು ಮೆಚ್ಚಿದವನಾದರೂ ಗುರುವಿನ ಮೊಟೆಟ್‌ಗಳು ಮಂಡಳಿಯ ಬಾಯಲ್ಲಿ ಉಳಿದವು. 1789ರಲ್ಲಿ ಲೈಪ್‌ಜಿಗ್‌ಗೆ ಬಂದ ಮೊಟ್ಸಾರ್ಟ್ ಅವುಗಳಲ್ಲಿ ಒಂದನ್ನು ಈ ಹುಡುಗರಿಂದಲೇ ಕೇಳಿ ಬೆರಗಾದನು. ಅದೇ ವರ್ಷ ಬಂದ ಹಿಲ್ಲರ್ ಹಾಡುನಾಟಕಗಳ ರಚನೆಯಿಂದ ಹೆಸರಾಗಿ, ಗೆವಾಂಡ್‌ಹೌಸ್ ಕಚೇರಿಗಳ ಮೊದಲ ನಾಯಕನಾಗಿದ್ದವನು. ಅರವತ್ತಾರು ವರ್ಷಗಳ ಹಿಂದೆ ಒಪೆರಾದ ಸೋಂಕು ಬೇಡವೆಂದು ಷರತ್ತು ವಿಧಿಸಿದ ನಗರವೇ ಈಗ ರಂಗಭೂಮಿಯಿಂದ ಬಂದವನನ್ನು ಆದರದಿಂದ ಬರಮಾಡಿಕೊಂಡಿತು.

1842ರಲ್ಲಿ ಬಂದ ಮೊರಿಟ್ಸ್ ಹೌಪ್ಟ್‌ಮನ್ ಇಪ್ಪತ್ತು ವರ್ಷ ಕಾಸೆಲ್ ಆಸ್ಥಾನದ ವಾದ್ಯವೃಂದದಲ್ಲಿ ಪಿಟೀಲುವಾದಕನಾಗಿದ್ದವನು ಹಾಗೂ ಸಂಗೀತಶಾಸ್ತ್ರಜ್ಞನು. ಬಾಖ್‌ನ ಸಮಗ್ರ ಕೃತಿಗಳನ್ನು ಅಚ್ಚುಮಾಡಲು 1850ರಲ್ಲಿ ಹುಟ್ಟಿದ ಸಂಘದ ಸ್ಥಾಪಕರಲ್ಲಿ ಅವನೊಬ್ಬನು. ಆ ಸಂಪುಟಗಳಲ್ಲಿ ಬಹಳಷ್ಟನ್ನು ಸಂಪಾದಿಸಿದ ವಿಲ್ಹೆಲ್ಮ್ ರುಸ್ಟ್ 1880ರಲ್ಲಿ ಸ್ವತಃ ಕ್ಯಾಂಟರ್ ಆದನು. ಹೀಗೆ ಹಸ್ತಪ್ರತಿಗಳನ್ನು ಓದಿದವರು ಮಂಡಳಿಯ ನಾಯಕರಾದರು.

1918ರಲ್ಲಿ ಕ್ಯಾಂಟರ್ ಆದ ಕಾರ್ಲ್ ಸ್ಟ್ರಾವ್‌ಬೆ ಬರ್ಲಿನ್‌ನಲ್ಲಿ ಹಾರ್ಮೋನಿಯಂ ತಯಾರಿಸುತ್ತಿದ್ದ ಆರ್ಗನ್ ವಾದಕನೊಬ್ಬನ ಮಗ. ಬಹುಮಟ್ಟಿಗೆ ಸ್ವಂತ ಪ್ರಯತ್ನದಿಂದಲೇ ಕಲಿತವನು. 1903ರಿಂದ ಇದೇ ದೇವಾಲಯದ ಆರ್ಗನ್ ಪೀಠದಲ್ಲಿದ್ದನು. 1931ರಿಂದ ಅವನ ನಾಯಕತ್ವದಲ್ಲಿ ಬಾಖ್‌ನ ಕ್ಯಾಂಟಾಟಾಗಳು ಆಕಾಶವಾಣಿಯಲ್ಲಿ ಪ್ರಸಾರವಾದವು. ಅವನ ಶಿಷ್ಯನೂ ಇದೇ ಮಂಡಳಿಯ ಹಿಂದಿನ ಬಾಲಗಾಯಕನೂ ಆದ ಗ್ಯೂಂಟರ್ ರಾಮಿನ್ 1940ರಲ್ಲಿ ಅಧಿಕಾರಕ್ಕೆ ಬಂದನು. 1943ರ ಡಿಸೆಂಬರ್‌ನ ಬಾಂಬು ದಾಳಿಯ ನಂತರ ಹುಡುಗರನ್ನು ಗ್ರಿಮ್ಮಾ ಎಂಬ ಊರಿಗೆ ಸಾಗಿಸಲಾಯಿತು. ಯುದ್ಧ ಮುಗಿಯುವವರೆಗೆ ಅವರು ಅಲ್ಲಿಯೇ ಉಳಿದರು. ಅನಂತರ ದೇವರನ್ನು ಒಪ್ಪದ ಪ್ರಭುತ್ವದ ಕೆಳಗೂ ರಾಮಿನ್ 1956ರಲ್ಲಿ ತೀರಿಕೊಳ್ಳುವವರೆಗೆ ಮಂಡಳಿಯನ್ನು ಕಾಪಾಡಿದನು.

ಈ ಚರಿತ್ರೆಯಲ್ಲಿ ನೋವಿನ ಪುಟವೂ ಇದೆ. 1972ರಿಂದ ನಾಯಕರಾಗಿದ್ದ, ಗಾಯಕರಾಗಿಯೂ ಹೆಸರಾಗಿದ್ದ ಹಾನ್ಸ್ ಯೋಆಖಿಮ್ ರೋಟ್ಷ್ ಪೂರ್ವ ಜರ್ಮನಿಯ ಗುಪ್ತ ಪೊಲೀಸರೊಡನೆ ಇದ್ದ ಸಂಪರ್ಕ ಬಯಲಾದ ಮೇಲೆ 1991ರಲ್ಲಿ ಹುದ್ದೆಯನ್ನು ತ್ಯಜಿಸಿದರು. ಆ ಕಾಲದ ಒತ್ತಡವನ್ನು ಅನುಭವಿಸದ ನಾವು ಅವರಿಗೆ ತೀರ್ಪು ಕೊಡಲು ಕುಳಿತಿಲ್ಲ. ಆದರೆ ಸ್ವರಶುದ್ಧಿಯ ಪರೀಕ್ಷೆಯಲ್ಲಿ ಗೆದ್ದವನಿಗೆ ಬೇರೆ ಪರೀಕ್ಷೆಗಳೂ ಎದುರಾಗುತ್ತವೆ ಎಂಬುದನ್ನು ಇದು ತಿಳಿಸುತ್ತದೆ.

ಮುಂದೆ ಬಂದ ಗೆಯಾರ್ಗ್ ಕ್ರಿಸ್ಟೋಫ್ ಬಿಲ್ಲರ್ ಇದೇ ಮಂಡಳಿಯಲ್ಲಿ ಬಾಲಕನಾಗಿ ಹಾಡಿದ್ದವರು; 1992ರಿಂದ 2015ರವರೆಗೆ ಅದನ್ನು ನಡಿಸಿದರು. 2021ರಲ್ಲಿ ಸ್ವಿಟ್ಜರ್ಲೆಂಡಿನ ಆಂಡ್ರಿಯಾಸ್ ರೈಟ್ಸೆ ನೇಮಕಗೊಂಡರು. ಅವರು ಸೊಲೊಥೂರ್ನ್ ನಗರದ ಪ್ರಧಾನಾಲಯದ ಬಾಲಕರ ಮಂಡಳಿಯಲ್ಲಿ ಹಾಡಿ ಬೆಳೆದು, ಅನಂತರ ಅದನ್ನೇ ನಡಿಸಿದವರು. ಮತಸುಧಾರಣೆಯ ಬಳಿಕ ಈ ಹುದ್ದೆಗೆ ಬಂದ ಮೊದಲನೆಯ ಕ್ಯಾಥೊಲಿಕರು ಅವರು. ಲೂಥರನ ವಾಗ್ವಾದಕ್ಕೆ ಹಾಡಿದ ಮಂಡಳಿಯು ಐದು ಶತಮಾನಗಳ ನಂತರ ಕ್ಯಾಥೊಲಿಕ್ ನಾಯಕನ ಕೈಸನ್ನೆಗೆ ಹಾಡುತ್ತಿರುವುದನ್ನು ಕೆಲವರು ವಿಶ್ವಾಸದ ಸಡಿಲಿಕೆ ಎನ್ನಬಹುದು. ನಾವು ಹಾಗೆ ಭಾವಿಸುವುದಿಲ್ಲ. ಹುಡುಗರ ಕೈಯಲ್ಲಿರುವುದು ಅದೇ ಕೀರ್ತನೆಗಳು, ಅದೇ ವೇದವಾಕ್ಯಗಳು. ಅವನ್ನು ಗೌರವದಿಂದ ಕಲಿಸುವವನು ಸಭೆಯ ಐಕ್ಯಕ್ಕೂ ಸೇವೆಮಾಡುತ್ತಾನೆ.

ನಮ್ಮ ಸಭೆಗಳಿಗೆ

ಈ ಚರಿತ್ರೆಯು ನಮಗೆ ತೀರ ಪರಕೀಯವಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಜರ್ಮನ್ ಕೀರ್ತನೆಗಳ ರಾಗಗಳನ್ನು ತಮ್ಮೊಡನೆ ತಂದರು. ಇಂದಿಗೂ ನಮ್ಮ ಸಭೆಗಳಲ್ಲಿ ಕನ್ನಡದ ಮಾತುಗಳು ಆ ರಾಗಗಳಲ್ಲಿ ಕೇಳಿಬರುತ್ತವೆ. ಅದೇ ಮಿಷನ್ನಿನ ಕಿಟ್ಟೆಲರು 1862ರ 'ಕಥಾಮಾಲೆ'ಯಲ್ಲಿ ಕ್ರಿಸ್ತನ ಚರಿತ್ರೆಯನ್ನು ಈ ನಾಡಿನ ಛಂದಸ್ಸಿನಲ್ಲಿ ಹೇಳಿ ಇನ್ನೊಂದು ದಾರಿಯನ್ನು ತೋರಿಸಿದರು. ಎರಡು ಪರಂಪರೆಗಳೂ ನಮ್ಮವೇ. ಆದರೆ ಎರಡನ್ನೂ ಬಲ್ಲ ಗಾಯನನಾಯಕರನ್ನು ಸಿದ್ಧಪಡಿಸುವ ಹೊಣೆಯನ್ನು ನಾವು ಎಷ್ಟರಮಟ್ಟಿಗೆ ಹೊತ್ತಿದ್ದೇವೆ? ಎಷ್ಟೋ ಕಡೆ, ಹಾರ್ಮೋನಿಯಂ ಬಾರಿಸಬಲ್ಲವನೊಬ್ಬನು ಸಿಕ್ಕಿದರೆ ಸಾಕೆಂದು ಆ ಹೊಣೆಯನ್ನು ಮರೆಯುತ್ತೇವೆ; ಅಥವಾ ಭಕ್ತಿಯಿದ್ದರೆ ಕಲಿಕೆ ಬೇಡವೆಂದು ಸಮಾಧಾನಪಟ್ಟುಕೊಳ್ಳುತ್ತೇವೆ.

ಲೈಪ್‌ಜಿಗ್‌ನ ಕ್ಯಾಂಟರರು ವಕೀಲರಿದ್ದರು, ಖಗೋಲಜ್ಞರಿದ್ದರು, ಪಿಟೀಲುವಾದಕರಿದ್ದರು, ಹಾಡುನಾಟಕಕಾರರಿದ್ದರು. ಒಂದೇ ಬಗೆಯ ಹಿನ್ನೆಲೆಯೇ ಬೇಕೆಂದು ಈ ಚರಿತ್ರೆಯು ಹೇಳುವುದಿಲ್ಲ. ಅವರಲ್ಲಿ ಅನೇಕರು ಹುಡುಗರಾಗಿದ್ದಾಗ ಯಾವುದೋ ಒಂದು ಸಭೆಯ ಇಲ್ಲವೆ ಆಸ್ಥಾನದ ಮಂಡಳಿಯಲ್ಲಿ ನಿಂತು ಹಾಡಿದ್ದರು ಎಂಬುದನ್ನು ಮಾತ್ರ ಅದು ಮತ್ತೆ ಮತ್ತೆ ತೋರಿಸುತ್ತದೆ. ಮುಂದಿನ ನಾಯಕನು ಇಂದಿನ ಭಾನುವಾರಶಾಲೆಯ ಸಾಲಿನಲ್ಲಿ ಕುಳಿತಿದ್ದಾನೆ. ಅವನಿಗೆ ಸ್ವರವನ್ನೂ ವಚನವನ್ನೂ ಒಟ್ಟಿಗೆ ಕಲಿಸುವುದು, ವಾರ್ಷಿಕ ಆಯವ್ಯಯದಲ್ಲಿ ಅದಕ್ಕಾಗಿ ಹಣವನ್ನು ಮೀಸಲಿಡುವುದು, ದೇವಜ್ಞಾನ ಶಾಲೆಯ ಪಾಠಕ್ರಮದಲ್ಲಿ ಸಂಗೀತಕ್ಕೆ ಸ್ಥಳ ಕೊಡುವುದು, ಇವು ನಮ್ಮ ಕೈಯಲ್ಲಿವೆ. ಬಾಖ್‌ನ ಮನವಿಗೆ ಅಂದಿನ ನಗರಸಭೆಯು ಕಿವಿಗೊಡಲಿಲ್ಲ. ಅಂಥ ಮನವಿಯು ನಮ್ಮ ಸಭಾಪಾಲನಾ ಸಮಿತಿಗಳ ಮುಂದೆ ಬಂದಾಗ ನಾವು ಅದನ್ನು ಓದಿ ಉತ್ತರ ಕೊಡುವವರಾಗಬೇಕು.