ಲೆಕ್ಕಕ್ಕೆ ಸಿಗದ ಸೈಕಲ್ಲು

ಒಂದು ಊರಿನಲ್ಲಿ ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗುವವರು ಹೆಚ್ಚಿದ್ದಾರೆಯೆ, ಕಡಿಮೆಯಾಗಿದ್ದಾರೆಯೆ ಎಂದು ತಿಳಿಯುವುದು ಏನು ಮಹಾ ಕೆಲಸ, ರಸ್ತೆಯ ಬದಿಯಲ್ಲಿ ನಿಂತು ಎಣಿಸಿದರಾಯಿತು ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಯಾವ ರಸ್ತೆಯಲ್ಲಿ, ಎಷ್ಟು ಹೊತ್ತಿಗೆ, ಯಾರನ್ನು ಎಣಿಸಬೇಕು ಎಂದು ಕೇಳಿಕೊಂಡರೆ ತೊಡಕು ಅಲ್ಲಿಂದಲೇ ಶುರು. ಮಗಳ ಬಾಣಂತನಕ್ಕೆಂದು ನಾನು ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ಆರು ತಿಂಗಳಿದ್ದೆ. ಮಗು ಮಲಗಿದ ಹೊತ್ತಿನಲ್ಲಿ ಆ ಊರಿನ ಸೈಕಲ್ಲಿನ ಚರಿತ್ರೆಯನ್ನು ಓದುವ ಹುಚ್ಚು ಹತ್ತಿತು. ಓದುತ್ತ ಹೋದಂತೆ ಅದು ಎಣಿಕೆಯ ಚರಿತ್ರೆಯೂ ಹೌದು ಎಂದು ತಿಳಿಯಿತು.

ಬ್ರೂಕ್ಲಿನ್ನಿಗೆ ಸೈಕಲ್ಲು ಹೊಸತಲ್ಲ. ಓಷನ್ ಪಾರ್ಕ್‌ವೇ ಎಂಬ ಹೆದ್ದಾರಿಯ ಪಕ್ಕದಲ್ಲಿ ಕೋನಿ ಐಲೆಂಡಿನ ಕಡಲ ತೀರದತ್ತ ಸೈಕಲ್ಲಿಗೆಂದೇ ಒಂದು ದಾರಿ ತೆರೆದದ್ದು 1894ರಲ್ಲಿ. ಆಮೇಲೆ ಮೋಟಾರು ಬಂತು, ಸೈಕಲ್ಲು ಮಕ್ಕಳ ಆಟಿಕೆಯಾಯಿತು. ಕೆಲಸಕ್ಕೆ ಹೇಗೆ ಹೋಗುತ್ತೀರಿ ಎಂದು ಅಮೆರಿಕದ ಜನಗಣತಿಯವರು 1960ರಿಂದಲೇ ಕೇಳುತ್ತಿದ್ದರು. ಆದರೆ ಉತ್ತರದಲ್ಲಿ ಸೈಕಲ್ಲಿಗೆಂದು ಬೇರೆ ಮನೆ ಸಿಕ್ಕಿದ್ದು 1980ರಲ್ಲಿ. ಅಲ್ಲಿಯವರೆಗೆ ಅದು 'ಇತರೆ'ಯ ಗುಂಪಿನಲ್ಲಿತ್ತು.

ಅದೇ ವರ್ಷ ಏಪ್ರಿಲ್ 1ರಿಂದ ಹನ್ನೊಂದು ದಿನ ನ್ಯೂಯಾರ್ಕಿನ ಬಸ್ಸು, ಸುರಂಗ ರೈಲುಗಳ ನೌಕರರು ಮುಷ್ಕರ ಹೂಡಿದರು. ಜನ ಸೇತುವೆಗಳ ಮೇಲೆ ನಡೆದರು, ಅಟ್ಟದಲ್ಲಿದ್ದ ಸೈಕಲ್ಲುಗಳನ್ನು ಕೆಳಗಿಳಿಸಿದರು. ಬೀಜಿಂಗಿನಲ್ಲಿ ಸೈಕಲ್ಲುಗಳ ಹೊಳೆಯನ್ನೇ ಕಂಡುಬಂದಿದ್ದ ಮೇಯರ್ ಎಡ್ ಕೋಚ್ ಆ ಶರತ್ಕಾಲದಲ್ಲಿ ಮ್ಯಾನ್‌ಹಟನ್ನಿನ ಕೆಲವು ದೊಡ್ಡ ಬೀದಿಗಳಲ್ಲಿ ಕಾಂಕ್ರೀಟಿನ ಅಡ್ಡಕಟ್ಟೆ ಹಾಕಿಸಿ ಸೈಕಲ್ ದಾರಿ ಮಾಡಿಸಿದರು. ಕಾರಿನವರು ಕೂಗಾಡಿದರು, ದಾರಿಯಲ್ಲಿ ಸೈಕಲ್ಲುಗಳೇ ಇಲ್ಲ ಎಂದರು. ಕೆಲವೇ ವಾರಗಳಲ್ಲಿ ಅದೇ ಮೇಯರ್ ಅವನ್ನು ಕೀಳಿಸಿದರು. ಹೊಸ ದಾರಿಗೆ ಜನ ಒಗ್ಗಿಕೊಳ್ಳಲು ಒಂದು ಬೇಸಿಗೆಯಾದರೂ ಬೇಡವೆ? ಹೆತ್ತ ತಿಂಗಳಿಗೇ ಮಗು ನಡೆಯಲಿಲ್ಲವೆಂದು ದೂರಿದ ಹಾಗಾಯಿತು.

ಆಮೇಲೆ ನಗರದ ಸಾರಿಗೆ ಇಲಾಖೆಯವರು ಮುಖ್ಯವಾಗಿ ಎಣಿಸಿದ್ದು ಸೇತುವೆಗಳಲ್ಲಿ. ಮ್ಯಾನ್‌ಹಟನ್ ಒಂದು ದ್ವೀಪ. ಈಸ್ಟ್ ನದಿಯ ನಾಲ್ಕು ಸೇತುವೆಗಳು, ಹಡ್ಸನ್ ನದಿಯ ದಂಡೆಯ ದಾರಿ, ಸ್ಟೇಟನ್ ಐಲೆಂಡಿನ ದೋಣಿ ನಿಲ್ದಾಣ, ಇಷ್ಟು ಕಡೆ ನಿಂತರೆ ಹೋಗಿ ಬರುವವರು ಕಣ್ಣಿಗೆ ಬೀಳುತ್ತಾರೆ. ಒಂದೇ ಜಾಗದಲ್ಲಿ ವರ್ಷ ವರ್ಷ ಎಣಿಸಿದರೆ ಏರಿಕೆ ಗೊತ್ತಾಗುತ್ತದೆ. 2007ರಿಂದ 2008ಕ್ಕೆ ಶೇಕಡ 35ರಷ್ಟು ಹೆಚ್ಚಿತು ಎಂದು ಇಲಾಖೆ ಹೇಳಿದ್ದು ಈ ಲೆಕ್ಕದಿಂದಲೇ. ಇದು ಜಾಣ ಉಪಾಯವೇ, ಅನುಮಾನವಿಲ್ಲ. ಆದರೆ ಮಗುವನ್ನು ಸೈಕಲ್ಲಿನಲ್ಲಿ ಶಾಲೆಗೆ ಬಿಟ್ಟು, ತರಕಾರಿ ಕೊಂಡು, ಬ್ರೂಕ್ಲಿನ್ನಿನೊಳಗೇ ಮನೆಗೆ ಮರಳುವವಳು ಯಾವ ಸೇತುವೆಯನ್ನು ದಾಟುತ್ತಾಳೆ?

ಜನಗಣತಿಯ ಪ್ರಶ್ನೆಗೂ ಇಂಥದೇ ತೂತು. ಕಳೆದ ವಾರ ಸಾಮಾನ್ಯವಾಗಿ ಹೇಗೆ ಕೆಲಸಕ್ಕೆ ಹೋದಿರಿ, ಹೆಚ್ಚು ದೂರ ಯಾವುದರಲ್ಲಿ ಹೋದಿರಿ ಎಂದು ಕೇಳುತ್ತಾರೆ. ರೈಲು ನಿಲ್ದಾಣದವರೆಗೆ ಸೈಕಲ್ಲು ತುಳಿದವನು ರೈಲಿನವನಾಗುತ್ತಾನೆ. ವಾರಕ್ಕೆರಡು ದಿನ ತುಳಿಯುವವಳು ಲೆಕ್ಕದಲ್ಲೇ ಇಲ್ಲ.

2010ರಲ್ಲಿ ಬ್ರೂಕ್ಲಿನ್ನಿನ ಪ್ರಾಸ್ಪೆಕ್ಟ್ ಪಾರ್ಕ್ ವೆಸ್ಟ್ ಎಂಬ ಬೀದಿಯಲ್ಲಿ, ನಿಂತ ಕಾರುಗಳ ಸಾಲನ್ನೇ ಗೋಡೆ ಮಾಡಿ, ಅದರ ಮರೆಯಲ್ಲಿ ಸೈಕಲ್ ದಾರಿ ಮಾಡಿದರು. ಅದಕ್ಕೆ ಮೊದಲು ಆ ಬೀದಿಯ ಸೈಕಲ್ಲಿನವರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಮಂದಿ ಕಾರುಗಳಿಗೆ ಹೆದರಿ ಕಾಲುದಾರಿಗೆ ಹತ್ತುತ್ತಿದ್ದರು. ಆಮೇಲೆ ಹಾಗೆ ಮಾಡುವವರು ನೂರಕ್ಕೆ ಮೂರು ನಾಲ್ಕು ಮಂದಿಗಿಳಿದರು. ವಾರದ ದಿನಗಳಲ್ಲಿ ಸೈಕಲ್ಲಿನವರು ಹತ್ತಿರ ಹತ್ತಿರ ಮೂರು ಪಟ್ಟಾದರು ಎಂದು ಇಲಾಖೆಯ ಲೆಕ್ಕ. ಅಲ್ಲಿನ ಕೆಲವು ನಿವಾಸಿಗಳು ಒಪ್ಪಲಿಲ್ಲ. ಮೇಲಿನ ಕಿಟಕಿಯಿಂದ ತಾವೇ ಕ್ಯಾಮೆರಾ ಇಟ್ಟು ಎಣಿಸಿ, ಅಷ್ಟು ಜನ ಇಲ್ಲ ಎಂದರು. 2011ರಲ್ಲಿ ಕೋರ್ಟಿಗೂ ಹೋದರು; ಆ ವ್ಯಾಜ್ಯ ಮುಗಿದದ್ದು 2016ರಲ್ಲಿ. ದಾರಿ ಉಳಿಯಿತು. ಮೊಮ್ಮಗಳನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ನಾನೂ ಅದರ ಪಕ್ಕದಲ್ಲಿ ಓಡಾಡಿದ್ದೇನೆ. ಮುಂದೆ ಮಗು, ಹಿಂದೆ ಚೀಲ ಹೇರಿಕೊಂಡು ನಿಶ್ಚಿಂತೆಯಿಂದ ಹೋಗುವ ತಾಯಂದಿರನ್ನು ನೋಡಿದ್ದೇನೆ. ನ್ಯೂಯಾರ್ಕಿನ ಸವಾರರಲ್ಲಿ ಗಂಡಸರೇ ಹೆಚ್ಚು; ಸೈಕಲ್ ದಾರಿಗಳು ಚೆನ್ನಾಗಿರುವ ಹಾಲೆಂಡಿನಲ್ಲಾದರೋ ಹೆಂಗಸರೇ ಒಂದು ಕೈ ಮುಂದು. ರಸ್ತೆ ಎಷ್ಟು ಸುರಕ್ಷಿತವೆಂದು ತಿಳಿಯಲು ಅದರ ಮೇಲೆ ಎಷ್ಟು ಹೆಂಗಸರಿದ್ದಾರೆಂದು ನೋಡಿದರೆ ಸಾಕು ಎನ್ನುವ ತಜ್ಞರಿದ್ದಾರೆ. ಅದು ಸರಿಯೆಂದೇ ನನಗೂ ತೋರುತ್ತದೆ.

ಇದನ್ನೆಲ್ಲ ಓದುವಾಗ ನಮ್ಮ ಜನಗಣತಿಯ ನೆನಪು ಬಾರದಿರಲಿಲ್ಲ. 2011ರ ಫೆಬ್ರವರಿಯಲ್ಲಿ, ಶಾಲೆಯ ಮೇಡಂ ಆಗಿದ್ದ ನಾನೂ ಉಳಿದ ಶಿಕ್ಷಕರಂತೆ ಗಣತಿಯ ಚೀಲ ಹೊತ್ತು ಮನೆ ಮನೆ ತಿರುಗಿದೆ. ಕೆಲಸದ ಜಾಗ ಎಷ್ಟು ದೂರ, ಹೇಗೆ ಹೋಗುತ್ತೀರಿ ಎಂಬ ಪ್ರಶ್ನೆ ನಮ್ಮ ಹಾಳೆಯಲ್ಲೂ ಇತ್ತು. ಆದರೆ ಅದನ್ನು ಕೇಳಬೇಕಾದದ್ದು 'ಇತರ ಕೆಲಸಗಾರ'ರನ್ನು ಮಾತ್ರ. ಹೊಲ ಗದ್ದೆಯಲ್ಲಿ ದುಡಿಯುವವರು, ಮನೆಯಲ್ಲೇ ಬೀಡಿ ಕಟ್ಟುವವರು ಇದರಲ್ಲಿ ಇಲ್ಲ. ಗೃಹಿಣಿಯಂತೂ ಕೆಲಸಗಾರಳೇ ಅಲ್ಲ! ಸರ್ಕಾರ 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡತೊಡಗಿತ್ತು. ಎರಡು ಜಡೆ ಹಾಕಿಕೊಂಡು ಸಾಲಾಗಿ ಬರುವ ನನ್ನ ವಿದ್ಯಾರ್ಥಿನಿಯರ ಸೈಕಲ್ಲುಗಳು ಶಾಲೆಯ ಬೇಲಿಯುದ್ದಕ್ಕೂ ನಿಂತಿರುತ್ತಿದ್ದವು. ಆ ಹಾಳೆಯಲ್ಲಿ ಅವುಗಳಲ್ಲಿ ಒಂದಕ್ಕೂ ಜಾಗವಿರಲಿಲ್ಲ.

ಎಣಿಕೆ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಸೇತುವೆಯಲ್ಲಿ ಎಣಿಸದಿದ್ದರೆ ನ್ಯೂಯಾರ್ಕಿನ ಸೈಕಲ್ ದಾರಿಗಳ ಪರವಾಗಿ ಹೇಳಲು ಯಾರ ಕೈಯಲ್ಲೂ ಅಂಕಿಗಳೇ ಇರುತ್ತಿರಲಿಲ್ಲ. ದುಡ್ಡು ಹೋಗುವುದು, ರಸ್ತೆ ಆಗುವುದು ಅಂಕಿಗಳ ಹಿಂದೆ. ಅದಕ್ಕೇ ಯಾರನ್ನು ಎಣಿಸಿದರು ಎಂದು ಕೇಳಬೇಕಾಗುತ್ತದೆ. ಆಫೀಸಿಗೆ ಹೋಗುವ ಹತ್ತು ಮೈಲಿ ಪ್ರಯಾಣವಾದರೆ, ಗಿರಣಿಗೆ, ಶಾಲೆಗೆ, ಆಸ್ಪತ್ರೆಗೆ ಹೋಗುವ ಅರ್ಧ ಮೈಲಿಯೂ ಪ್ರಯಾಣವೇ. ನಿಮ್ಮ ಊರಿನ ರಸ್ತೆ ಅಗಲ ಮಾಡುವ ಮಾತು ಬಂದಾಗ, ಎಷ್ಟು ಕಾರು, ಎಷ್ಟು ಬಸ್ಸು ಎಂದು ಲೆಕ್ಕ ಒಪ್ಪಿಸುವವರನ್ನು ಒಂದು ಮಾತು ಕೇಳಿ ನೋಡಿ: ಬೆಳಗ್ಗೆ ಎಂಟೂವರೆಗೆ ಹೈಸ್ಕೂಲಿನ ಹುಡುಗಿಯರು ಹೋಗುವಾಗ ನೀವು ಅಲ್ಲಿ ನಿಂತಿದ್ದಿರಾ?