ದೀಪದ ಕಾಡಿಗೆ, ಎಂಜಿನ್ನಿನ ಮಸಿ

ಹರಳೆಣ್ಣೆಯ ದೀಪದ ಮೇಲೆ ತಟ್ಟೆ ಹಿಡಿದು ನಮ್ಮ ಅಜ್ಜಿಯರು ಕಾಡಿಗೆ ಕೂಡಿಸುತ್ತಿದ್ದರು. ಆ ಮಸಿಯ ಕಣಗಳು ಕಾದು ಬೆಳಗುವುದರಿಂದಲೇ ಜ್ವಾಲೆಗೆ ಪ್ರಕಾಶವೆಂದು ಮೈಕೇಲ್ ಫ್ಯಾರಡೆಯವರು 1861ರಲ್ಲಿ ಪ್ರಕಟವಾದ ತಮ್ಮ ಮೋಂಬತ್ತಿಯ ಉಪನ್ಯಾಸಗಳಲ್ಲಿ ವಿವರಿಸಿದ್ದಾರೆ.

1910ರಲ್ಲಿ ಡಚ್ಚರ ‘ವಲ್ಕೇನಸ್’ ಹಡಗು ಡೀಸೆಲ್ ಎಂಜಿನ್ನಿನ ಬಲದಿಂದ ಸಾಗರಕ್ಕಿಳಿಯಿತು. ರಾಟರ್‌ಡ್ಯಾಮಿನ ಮಾಸ್ ನದಿಯಲ್ಲಿ ಸಾಗುವ ಬಹುತೇಕ ಹಡಗುಗಳಲ್ಲಿ ಇಂದಿಗೂ ಅದೇ ಉರಿ. ಆದರೆ ಮುಚ್ಚಿದ ಸಿಲಿಂಡರಿನೊಳಗೆ ತಟ್ಟೆ ಹಿಡಿಯುವುದೆಂತು? 1932ರಲ್ಲಿ ಅಮೆರಿಕದ ಹೊಯ್ಟ್ ಹಾಟೆಲ್ ಮತ್ತು ಬ್ರಾಟನ್ ಅವರು ಜ್ವಾಲೆಯ ಕಾಂತಿಯನ್ನು ಎರಡು ಬಣ್ಣಗಳಲ್ಲಿ ಅಳೆದು, ಉಷ್ಣತೆಯನ್ನು ಲೆಕ್ಕಹಾಕುವ ವಿಧಾನವನ್ನು ನೀಡಿದರು. ಮುಂದಿನವರು ಸಿಲಿಂಡರಿಗೆ ಗಾಜಿನ ಕಿಟಕಿಯಿಟ್ಟು, ಅದೇ ವಿಧಾನದಿಂದ ಮಸಿಯನ್ನೂ ಅಳೆದರು.

ಉರಿ ತಣ್ಣಗಾದರೆ ಮಸಿ ಸುಡದೆ ಉಳಿಯುತ್ತದೆ. ಅತಿಯಾಗಿ ಕಾದರೆ ನೈಟ್ರೋಜನ್ ಆಕ್ಸೈಡುಗಳು ಹೆಚ್ಚುತ್ತವೆ. ಬಂದರಿನ ಬಳಿ ಬೆಳೆಯುವ ನಮ್ಮ ಮಕ್ಕಳು ಉಸಿರಾಡುವುದು ಇವೆರಡೂ ಬೆರೆತ ಗಾಳಿಯನ್ನು. ಅಳೆಯದೆ ಅದನ್ನು ತಿಳಿಗೊಳಿಸಲಾಗದು.