ಸಿಮ್ ರೇಸಿಂಗ್ ಸ್ಟೀರಿಂಗ್: ಫೋರ್ಸ್ ಫೀಡ್‌ಬ್ಯಾಕ್ ಸರಿಮಾಡುವುದು ಹೇಗೆ? ಕಲ್ಲಟ್ಟಿ ಘಾಟಿಯ ಕನಸು ಕಾಣುವವರಿಗೆ ಒಂದಿಷ್ಟು ಮಾಹಿತಿ

ಮಂಗಳೂರಿನಿಂದ ಊಟಿಗೆ ಹೊರಟವರು ಮೈಸೂರು, ಗುಂಡ್ಲುಪೇಟೆ, ಬಂಡೀಪುರ ದಾಟಿ ತೆಪ್ಪಕಾಡಿಗೆ ಬಂದರೆ ದಾರಿ ಎರಡಾಗ್ತದೆ. ಒಂದು ಗೂಡಲೂರಿಗೆ ಹೋಗಿ ಅಲ್ಲಿಂದ ಸುಮಾರು 50 ಕಿ.ಮೀ. ಘಾಟಿಯಲ್ಲಿ ಉದಕಮಂಡಲ ಸೇರ್ತದೆ. ಇನ್ನೊಂದು ಮಸಿನಗುಡಿ ಮೂಲಕ ಕಲ್ಲಟ್ಟಿ ಹತ್ತುವ ಹತ್ತಿರದ ದಾರಿ, ಕಡಿದಾದ ಏರು, 36 ಹೇರ್‌ಪಿನ್ ತಿರುವುಗಳು. ನಮ್ಮ ಯುವಕರಿಗೆ ಈ ಎರಡನೇ ದಾರಿಯ ಮೇಲೆಯೇ ಕಣ್ಣು. ಈಗಂತೂ ಲೈಸನ್ಸ್ ಸಿಗುವ ಮೊದಲೇ ಮನೆಯ ಕೋಣೆಯಲ್ಲಿ ಕೂತು ಘಾಟಿ ಹತ್ತುವವರಿದ್ದಾರೆ. ಗಲ್ಫಿನಲ್ಲಿರುವ ಅಣ್ಣ ರಜೆಗೆ ಬರುವಾಗ ತಂದ ಸ್ಟೀರಿಂಗ್, ಒಂದು ಕಂಪ್ಯೂಟರ್, ಒಂದು ಗೇಮ್ ಇದ್ದರೆ ಸಾಕು.

ನನ್ನ ತಂಗಿಯ ಮಗನ ಬಳಿಯೂ ಅಂಥದ್ದೊಂದು ಉಂಟು. "ಮಾಮ, ಫುಲ್ ಪವರಲ್ಲಿ ಇಟ್ಟಿದ್ದೇನೆ, ಹಿಡಿದು ನೋಡಿ" ಅಂದ. ಹಿಡಿದೆ. ಹತ್ತು ನಿಮಿಷಕ್ಕೆ ಭುಜ ನೋಯಿತು. ಆದರೆ ಕಾರಿನ ಮುಂದಿನ ಟೈರು ಯಾವಾಗ ಜಾರಿತು ಅಂತ ಮಾತ್ರ ಒಮ್ಮೆಯೂ ಕೈಗೆ ಗೊತ್ತಾಗಲಿಲ್ಲ. ಹೆಚ್ಚಿನವರ ಮನೆಯಲ್ಲಿ ಆಗುವ ತಪ್ಪು ಇದೇ.

ಏನಿದು ಫೋರ್ಸ್ ಫೀಡ್‌ಬ್ಯಾಕ್?

ಓಡುವ ಕಾರಿನ ಸ್ಟೀರಿಂಗ್ ತಿರುಗಿಸಿದರೆ ಟೈರು ಅದನ್ನು ಮತ್ತೆ ನೇರಕ್ಕೆ ಎಳೆಯಲು ನೋಡ್ತದೆ. ಆ ಎಳೆತವೇ ನಮ್ಮ ಕೈಗೆ ಸಿಗುವ ಭಾರ. ಗೇಮ್ ಇದನ್ನು ಲೆಕ್ಕ ಹಾಕಿ ಸ್ಟೀರಿಂಗ್ ಒಳಗಿನ ಮೋಟಾರಿಗೆ ಕಳಿಸ್ತದೆ. ಇಲ್ಲಿ ಗಮನಿಸಬೇಕಾದ ವಿಷಯ ಒಂದುಂಟು. ತಿರುವಿನಲ್ಲಿ ಸ್ಟೀರಿಂಗ್ ಹೆಚ್ಚು ಹೆಚ್ಚು ತಿರುಗಿಸಿದ ಹಾಗೆ ಭಾರ ಏರ್ತದೆ, ಆದರೆ ಟೈರಿನ ಹಿಡಿತ ಪೂರ್ತಿ ಮುಗಿಯುವ ಸ್ವಲ್ಪ ಮೊದಲೇ ಭಾರ ಇಳಿಯಲು ಶುರುವಾಗ್ತದೆ. ಸ್ಟೀರಿಂಗ್ ಹಗುರವಾಗುವುದೇ ಎಚ್ಚರಿಕೆ. ಇನ್ನೂ ತಿರುಗಿಸಿದರೆ ಕಾರು ತಿರುಗುವುದಿಲ್ಲ, ನೇರ ಹೋಗ್ತದೆ.

ಇನ್ನು ಕ್ಲಿಪಿಂಗ್. ಮೀನು ಮಾರ್ಕೆಟಿನ ಸ್ಪ್ರಿಂಗ್ ತಕ್ಕಡಿ ನೋಡಿರಬಹುದು. 10 ಕೆ.ಜಿ.ಯ ತಕ್ಕಡಿಗೆ 12 ಕೆ.ಜಿ. ಹಾಕಿದರೂ 15 ಹಾಕಿದರೂ ಮುಳ್ಳು ಒಂದೇ ಕಡೆ ನಿಲ್ತದೆ. ಮೋಟಾರೂ ಹಾಗೆಯೇ. ಗೇಮ್ ಕೇಳಿದ ಬಲ ಮೋಟಾರಿನ ತಾಕತ್ತು ಮೀರಿದರೆ, ಮೇಲೆ ಆಗುವ ಏರಿಳಿತ ಯಾವುದೂ ಕೈಗೆ ಬರುವುದಿಲ್ಲ. ಟೈರು ಹಗುರವಾಗಿದ್ದೂ ಆ ಅಳಿಸಿಹೋದ ಭಾಗದಲ್ಲೇ ಇರ್ತದೆ. ಗೇನ್ ತೀರಾ ಏರಿಸಿದರೆ ಆಗುವ ನಷ್ಟ ಇದು.

ಯಾವ ಸ್ಟೀರಿಂಗಿಗೆ ಎಷ್ಟು ತಾಕತ್ತು ಅಂತ ತಿಳಿದಿರಬೇಕು. ಗೇರ್ ಚಕ್ರಗಳಿಂದ ನಡೆಯುವ ಲಾಜಿಟೆಕ್ ಜಿ29ರದ್ದು 2 ನ್ಯೂಟನ್ ಮೀಟರಿಗಿಂತ ಸ್ವಲ್ಪ ಹೆಚ್ಚು. ಬೆಲ್ಟಿನ ಥ್ರಸ್ಟ್‌ಮಾಸ್ಟರ್ ಟಿ300 ಸುಮಾರು 4. ಮೋಟಾರಿಗೆ ನೇರ ಜೋಡಿಸಿದ ಡೈರೆಕ್ಟ್ ಡ್ರೈವ್‌ಗಳಲ್ಲಿ ಮೋಝಾ ಆರ್5 5.5ರ ತನಕ, ಫನಾಟೆಕ್ ಸಿಎಸ್ಎಲ್ ಡಿಡಿ ಅಡಾಪ್ಟರ್ ನೋಡಿಕೊಂಡು 5 ಅಥವಾ 8 ಕೊಡ್ತದೆ. ಚಿಕ್ಕ ಮೋಟಾರಿನಲ್ಲಿ ಕ್ಲಿಪಿಂಗ್ ಬೇಗ ಬರ್ತದೆ, ಅಷ್ಟೇ ವ್ಯತ್ಯಾಸ. ಬಡವರ ಜಿ29ನಲ್ಲೂ ಚೆನ್ನಾಗಿ ಕಲಿಯಬಹುದು.

ಸರಿಮಾಡುವ ಕ್ರಮ

ಮೊದಲು ಸ್ಟೀರಿಂಗ್ ಕಂಪನಿಯ ಸಾಫ್ಟ್‌ವೇರಿಗೆ ಹೋಗಿ. ಸೆಂಟರಿಂಗ್ ಸ್ಪ್ರಿಂಗ್ ಅಂತ ಒಂದು ಇರ್ತದೆ, ಅದನ್ನು ಆಫ್ ಮಾಡಿ. ಅದು ಟೈರಿನ ಎಳೆತ ಅಲ್ಲ, ರಬ್ಬರ್ ಬ್ಯಾಂಡಿನ ಹಾಗೆ ಸುಮ್ಮನೆ ನಡುವಿಗೆ ಎಳೆಯುವುದು. ತಿರುಗುವ ಕೋನ 900 ಡಿಗ್ರಿ ಇರಲಿ, ಅಂದರೆ ಒಂದು ತುದಿಯಿಂದ ಇನ್ನೊಂದು ತುದಿಗೆ ಎರಡೂವರೆ ಸುತ್ತು. 270ಕ್ಕೆ ಇಳಿಸಿದರೆ ಹೇರ್‌ಪಿನ್ ತಿರುವು ಮಣಿಕಟ್ಟಿನಲ್ಲೇ ಮುಗಿದುಹೋಗ್ತದೆ, ನಿಜವಾದ ಕಾರಿನ ಅಭ್ಯಾಸ ಕೆಡ್ತದೆ. ಗೇರ್ ಅಥವಾ ಬೆಲ್ಟಿನ ಸ್ಟೀರಿಂಗ್ ಆದರೆ ಸಾಫ್ಟ್‌ವೇರಿನಲ್ಲಿ ಬಲ ನೂರಕ್ಕೆ ನೂರು ಇಟ್ಟು, ಗೇಮಿನ ಒಳಗೆ ಕಡಿಮೆ ಮಾಡುವುದು ಒಳ್ಳೆಯದು. ಡೈರೆಕ್ಟ್ ಡ್ರೈವ್ ಆದರೆ ಕಡಿಮೆಯಿಂದ ಶುರುಮಾಡಿ, ಕೈಗೆ ಹಿತವಾದಲ್ಲಿ ನಿಲ್ಲಿಸಿ.

ಆಮೇಲೆ ಗೇಮಿನ ಗೇನ್. ಅಸೆಟ್ಟೊ ಕೋರ್ಸಾದಲ್ಲಿ ಟ್ರೆಂಟೊ-ಬೊಂಡೋನೆ ಅಂತ ಇಟಲಿಯ ಒಂದು ಘಾಟಿ ಉಂಟು, ಸುಮಾರು 17 ಕಿ.ಮೀ. ಕಲ್ಲಟ್ಟಿಯ ಗಮ್ಮತ್ತು ಬೇಕಾದವರಿಗೆ ಸದ್ಯಕ್ಕೆ ಅದು ಸಾಕು. ಪರದೆಯಲ್ಲಿ ಪೆಡಲ್ ಆ್ಯಪ್ ತೆರೆದಿಡಿ. ಕ್ಲಚ್, ಬ್ರೇಕ್, ಆಕ್ಸಿಲರೇಟರ್ ಪಟ್ಟಿಗಳ ಪಕ್ಕದಲ್ಲಿ ಫೋರ್ಸ್ ಫೀಡ್‌ಬ್ಯಾಕಿನ ಪಟ್ಟಿ ಇರ್ತದೆ, ಕ್ಲಿಪಿಂಗ್ ಆದಾಗ ಅದು ಕೆಂಪಾಗ್ತದೆ. ಮಾಮೂಲಿ ರಸ್ತೆಯ ಕಾರೊಂದನ್ನು ಆರಿಸಿ ವೇಗದ, ಉದ್ದನೆಯ ತಿರುವು ತೆಗೆಯಿರಿ. ಕೆಂಪು ಅಲ್ಲೇ ನಿಂತರೆ ಗೇನ್ ಇಳಿಸಿ. ಓಡಿಸುತ್ತಲೇ ನಂಬರ್ ಪ್ಯಾಡಿನ ಪ್ಲಸ್, ಮೈನಸ್ ಒತ್ತಿ ಆ ಕಾರಿಗೆ ಮಾತ್ರ ಬದಲಿಸಬಹುದು. ರಸ್ತೆಯಂಚಿಗೆ ತಾಗಿದಾಗ ಒಂದು ಕ್ಷಣ ಕೆಂಪಾದರೆ ಪರವಾಗಿಲ್ಲ. ನನ್ನ ಸೋದರಳಿಯನ ಜಿ29ನಲ್ಲಿ 100ರಿಂದ 65ಕ್ಕೆ ಇಳಿಸಿದಾಗ ಸರಿಯಾಯಿತು. ನಿಮ್ಮದರಲ್ಲಿ ಬೇರೆ ಅಂಕಿ ಬರಬಹುದು, ನಮ್ಮದನ್ನು ಕಾಪಿ ಹೊಡೆಯಬೇಡಿ.

ಗೇರಿನ ಸ್ಟೀರಿಂಗ್‌ಗಳಲ್ಲಿ ನಡುವೆ ಒಂದು ಸತ್ತ ಜಾಗ ಇರ್ತದೆ. ಸಣ್ಣ ಬಲಗಳು ಅಲ್ಲಿ ಗೇರಿನ ಘರ್ಷಣೆಯಲ್ಲೇ ಮುಗಿದುಹೋಗ್ತವೆ. ಇದಕ್ಕೇ ಮಿನಿಮಮ್ ಫೋರ್ಸ್ ಇರುವುದು. ಒಂದೊಂದೇ ಅಂಕಿ ಏರಿಸಿ. ನೇರ ರಸ್ತೆಯಲ್ಲಿ ಸ್ಟೀರಿಂಗ್ ತಾನಾಗಿ ಅತ್ತ ಇತ್ತ ಅಲುಗಾಡಲು ಶುರುವಾದರೆ ಜಾಸ್ತಿಯಾಯಿತು, ಎರಡು ಅಂಕಿ ಹಿಂದೆ ಬನ್ನಿ. ಡೈರೆಕ್ಟ್ ಡ್ರೈವ್‌ಗೆ ಇದು ಸೊನ್ನೆ ಸಾಕು.

ರಸ್ತೆ, ಕರ್ಬ್, ಸ್ಲಿಪ್ ಎಫೆಕ್ಟುಗಳು ಮಸಾಲೆಯ ಹಾಗೆ, ಸ್ವಲ್ಪ ಇರಲಿ ಅಥವಾ ಬೇಡವೇ ಬೇಡ. ಡ್ಯಾಂಪರ್ ಕಡಿಮೆ ಇಡಿ.

ಈಗ ಪರೀಕ್ಷೆ. ಎರಡನೇ ಗೇರಿನಲ್ಲಿ ಒಂದು ಹೇರ್‌ಪಿನ್‌ಗೆ ಬೇಕೆಂದೇ ಸ್ವಲ್ಪ ವೇಗವಾಗಿ ಹೋಗಿ ಸ್ಟೀರಿಂಗ್ ನಿಧಾನವಾಗಿ ಹೆಚ್ಚಿಸ್ತಾ ಬನ್ನಿ. ಭಾರ ಏರಿ, ಏರಿ, ಒಂದು ಕಡೆ ಕೈ ಖಾಲಿಯಾದ ಹಾಗೆ ಆಗಬೇಕು. ಕಣ್ಣು ಮುಚ್ಚಿದರೂ ಗೊತ್ತಾಗುವಂತಿದ್ದರೆ ಸೆಟ್ಟಿಂಗ್ ಸರಿ ಇದೆ. ಆಗ ಸ್ಟೀರಿಂಗ್ ಒಂದಿಷ್ಟು ಸಡಿಲಿಸಿ, ವೇಗ ಇಳಿಯಲು ಬಿಡಿ, ಟೈರು ಮತ್ತೆ ಹಿಡಿಯುತ್ತದೆ.

ಹೆಬ್ಬೆರಳು ಹೊರಗಿರಲಿ

ಪವರ್ ಸ್ಟೀರಿಂಗ್ ಇಲ್ಲದ ಹಳೆಯ ಜೀಪನ್ನು ಎಸ್ಟೇಟ್ ರಸ್ತೆಯಲ್ಲಿ ಓಡಿಸಿದವರನ್ನು ಕೇಳಿ ನೋಡಿ, ಹೆಬ್ಬೆರಳನ್ನು ಸ್ಟೀರಿಂಗಿನ ಕಡ್ಡಿಗಳ ಒಳಗೆ ಸಿಕ್ಕಿಸಬಾರದು ಅಂತಾರೆ. ಚಕ್ರ ಕಲ್ಲಿಗೆ ಹೊಡೆದರೆ ಸ್ಟೀರಿಂಗ್ ಒಮ್ಮೆಲೇ ತಿರುಗಿ ಬೆರಳು ಮುರಿಯಬಹುದು. ಡೈರೆಕ್ಟ್ ಡ್ರೈವ್‌ನಲ್ಲಿ ಗೋಡೆಗೆ ಗುದ್ದಿದಾಗಲೂ ಅದೇ ಕಥೆ. ಮನೆಯಲ್ಲಿ ಚಿಕ್ಕ ಮಕ್ಕಳು ಹಿಡಿಯುವುದಾದರೆ ಬಲ ಪೂರ್ತಿ ಇಳಿಸಿಯೇ ಕೊಡಿ.

ಕೋಣೆಯಿಂದ ರಸ್ತೆಗೆ

ಈಗಿನ ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್ ಕಾರುಗಳಲ್ಲಿ ಆ ಹಗುರವಾಗುವ ಎಚ್ಚರಿಕೆ ತುಂಬಾ ತೆಳುವಾಗಿ ಬರ್ತದೆ, ಕೆಲವದರಲ್ಲಿ ಬಂದದ್ದೇ ಗೊತ್ತಾಗುವುದಿಲ್ಲ. ಗೇಮಿನಲ್ಲಿ ಕಲಿತ ಕೈ ಅದಕ್ಕಾಗಿ ಕಾಯ್ತಾ ಕೂತರೆ ಅಪಾಯ. ಇಳಿಜಾರಿನ ಎಳೆತ ಹೊಟ್ಟೆಗೆ ತಟ್ಟುವುದು, ಬ್ರೇಕ್ ಕಾದು ಬರುವ ವಾಸನೆ, ಮಂಜು, ಎದುರು ಬರುವ ಬಸ್ಸು ಯಾವ ಮೋಟಾರಿನಲ್ಲೂ ಬರುವುದಿಲ್ಲ. ಘಾಟಿ ಇಳಿಯುವಾಗ ಕಡಿಮೆ ಗೇರಿನಲ್ಲಿ ಎಂಜಿನ್ ಕಾರನ್ನು ಹಿಡಿಯಬೇಕು, ಬ್ರೇಕ್ ಒತ್ತಿಕೊಂಡೇ ಇಳಿದರೆ ಕೊನೆಗೆ ಬ್ರೇಕೇ ಇರುವುದಿಲ್ಲ.

ಕಲ್ಲಟ್ಟಿಯಲ್ಲಿ 2018ರಲ್ಲಿ ಚೆನ್ನೈನಿಂದ ಬಂದವರ ಕಾರು ಕಂದಕಕ್ಕೆ ಬಿದ್ದು ಐವರು ತೀರಿಕೊಂಡರು. ಅದರ ನಂತರ ಊಟಿಯಿಂದ ಮಸಿನಗುಡಿ ಕಡೆಗೆ ಇಳಿಯಲು ಟಿಎನ್ 43 ನಂಬರಿನ ಸ್ಥಳೀಯ ಗಾಡಿಗಳಿಗೆ ಮಾತ್ರ ಬಿಡುವ ಕ್ರಮ ಬಂತು. ಹಾಗಾಗಿ ನಮ್ಮ ಕೆಎ 19 ಗಾಡಿಯವರು ಹಿಂದಿರುಗುವಾಗ ಗೂಡಲೂರು ದಾರಿಯಲ್ಲೇ ಇಳಿಯಬೇಕು. ಬಂಡೀಪುರದ ಗೇಟು ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಮುಚ್ಚಿರ್ತದೆ, ಊಟಿಯಿಂದ ಮಧ್ಯಾಹ್ನವೇ ಹೊರಟರೆ ತಿರುವುಗಳಲ್ಲಿ ಗಡಿಬಿಡಿ ಮಾಡಬೇಕಾಗುವುದಿಲ್ಲ.